ಟೊಯೊಸು ಮೀನು ಮಾರುಕಟ್ಟೆಯನ್ನು ದ್ವೀಪದ ಮೇಲೆ ಕಟ್ಟಿದ್ದು ಯಾಕೆ?

ಓದುಗರ ಪ್ರಶ್ನೆ: ಟೋಕಿಯೊದ ಟೊಯೊಸು ಮೀನು ಮಾರುಕಟ್ಟೆ ಸಮುದ್ರ ತುಂಬಿಸಿ ಮಾಡಿದ ದ್ವೀಪದ ಮೇಲಿದೆಯಂತೆ. ದೋಣಿಯಿಂದ ನೇರವಾಗಿ ಮೀನು ಇಳಿಸಲಿ ಅಂತ ಹಾಗೆ ಕಟ್ಟಿದ್ದಾ?

ಅಲ್ಲ. ಮಂಗಳೂರಿನ ಧಕ್ಕೆ ನೋಡಿದವರಿಗೆ ಹಾಗನಿಸುವುದು ಸಹಜ. ಅಲ್ಲಿ ಬೋಟು ಬಂದು ನಿಂತರೆ ಪಕ್ಕದಲ್ಲೇ ಹರಾಜು. ಆದರೆ ಟೊಯೊಸು ಸುತ್ತ ನೀರಿದ್ದರೂ ಮೀನು ಜಾಸ್ತಿ ಬರುವುದು ಲಾರಿಯಲ್ಲಿ, ಬೇರೆ ಬೇರೆ ಬಂದರುಗಳಿಂದ, ವಿಮಾನ ನಿಲ್ದಾಣಗಳಿಂದ. ದ್ವೀಪಕ್ಕೆ ಹೋಗಿದ್ದು ಜಾಗಕ್ಕಾಗಿ.

1935ರಲ್ಲಿ ಶುರುವಾದ ಹಳೆಯ ತ್ಸುಕಿಜಿ ಮಾರುಕಟ್ಟೆ ರೈಲಿನ ಕಾಲದ್ದು. ಹಳಿ ತಿರುಗಿದ ಹಾಗೆ ಕಟ್ಟಡವೂ ಬಿಲ್ಲಿನಂತೆ ಬಾಗಿತ್ತು. ಲಾರಿಗಳು ಬಂದ ಮೇಲೆ 23 ಹೆಕ್ಟೇರ್ ಸಾಲಲಿಲ್ಲ. ಟೊಯೊಸುವಿನಲ್ಲಿ 40 ಹೆಕ್ಟೇರ್ ಸಿಕ್ಕಿತು, ತಂಪು ಹಿಡಿದಿಡುವ ಮುಚ್ಚಿದ ಕಟ್ಟಡಗಳೂ ಎದ್ದವು. ಅಂದ ಹಾಗೆ, ತ್ಸುಕಿಜಿ ಅಂದರೇನೇ 'ಕಟ್ಟಿದ ನೆಲ'. 1657ರ ದೊಡ್ಡ ಬೆಂಕಿಯ ನಂತರ ಅದನ್ನೂ ನೀರಿಗೆ ಮಣ್ಣು ತುಂಬಿಸಿಯೇ ಮಾಡಿದ್ದು.

ಹಾಗಾಗಿ ಕಡಲು ತುಂಬಿಸಿದ ನೆಲ ಟೋಕಿಯೊದವರಿಗೆ ಹೊಸದೇನಲ್ಲ. ಹೆಚ್ಚು ಹೆದರಿದ್ದು ಟೊಯೊಸುವಿನ ನೆಲದ ಮೇಲೆ ಆಮೇಲೆ ನಡೆದದ್ದಕ್ಕೆ. 1956ರಿಂದ 1988ರವರೆಗೆ ಅಲ್ಲಿ ಗ್ಯಾಸ್ ತಯಾರಿಸುವ ಕಾರ್ಖಾನೆಯಿತ್ತು. ಮಣ್ಣಿನಲ್ಲಿ ಬೆಂಜೀನ್, ಸಯನೈಡ್, ಆರ್ಸೆನಿಕ್ ಸಿಕ್ಕವು. ಕೆಟ್ಟ ಮಣ್ಣು ತೆಗೆದು ಒಟ್ಟು 4.5 ಮೀಟರ್ ಒಳ್ಳೆಯ ಮಣ್ಣು ಹಾಕುತ್ತೇವೆ ಅಂತ ಜನರಿಗೆ ಮಾತು ಕೊಟ್ಟಾಗಿತ್ತು. 2016ರಲ್ಲಿ ನೋಡಿದರೆ ಮುಖ್ಯ ಕಟ್ಟಡಗಳ ಅಡಿಯಲ್ಲಿ ಆ ಮಣ್ಣೇ ಇಲ್ಲ! ಬರೀ ಟೊಳ್ಳು ನೆಲಮಾಳಿಗೆ, ಅದರಲ್ಲಿ ನಿಂತ ನೀರು.

ಆ ವರ್ಷ ನವೆಂಬರಿನಲ್ಲಿ ಆಗಬೇಕಿದ್ದ ಸ್ಥಳಾಂತರವನ್ನು ಗವರ್ನರ್ ಯುರಿಕೊ ಕೊಯಿಕೆ ಅಷ್ಟರಲ್ಲೇ ತಡೆದಿದ್ದರು. ವ್ಯಾಪಾರಿಗಳಿಗೆ ಕಷ್ಟವಾಯಿತು, ನಿಜ. ಆದರೂ ತಡೆದದ್ದೇ ಸರಿ ಅಂತ ನನಗನಿಸುತ್ತದೆ. ಊಟದ ತಟ್ಟೆಗೆ ಹೋಗುವ ಮೀನು, ಅಲ್ವಾ? ನೆಲಮಾಳಿಗೆಗೆ ಕಾಂಕ್ರೀಟ್ ಹಾಕಿ, ಗಾಳಿ ಹೊರದೂಡುವ ಯಂತ್ರ ಕೂರಿಸಿ, ಅಂತರ್ಜಲ ಎತ್ತುವ ಪಂಪುಗಳನ್ನು ಬಲಪಡಿಸಿದ ಮೇಲೆ 2018ರ ಅಕ್ಟೋಬರ್ 11ರಂದು ಮಾರುಕಟ್ಟೆ ತೆರೆಯಿತು.

ಈಗ ಬೆಳಗಿನ ಜಾವ ಅಲ್ಲಿ ಟ್ಯೂನಾ ಮೀನುಗಳು ನೆಲದ ಮೇಲೆ ಸಾಲಾಗಿ ಮಲಗಿರುತ್ತವೆ. ಬಾಲದ ಹತ್ತಿರ ಕೊಯ್ದು ಒಳಗಿನ ಮಾಂಸ ಕಾಣುವಂತೆ ಇಟ್ಟಿರುತ್ತಾರೆ. ಕೊಳ್ಳುವವರು ಬಗ್ಗಿ ಟಾರ್ಚ್ ಬಿಡುತ್ತಾರೆ, ಬಣ್ಣ ನೋಡುತ್ತಾರೆ. ಚೂರು ಮಾಂಸ ಕಿತ್ತು ಬೆರಳುಗಳ ನಡುವೆ ಉಜ್ಜಿ, ಕೊಬ್ಬು ಎಷ್ಟಿದೆ ಅಂತ ಅಂದಾಜು ಮಾಡುತ್ತಾರೆ. ಆಮೇಲೆ ಗಂಟೆ ಬಾರಿಸುತ್ತದೆ, ಹರಾಜು ಶುರು.