ಸೈಕೆಡೆಲಿಕ್ ಥೆರಪಿ ಕಲಿಯೋರ ಬರ್ನ್‌ಔಟ್ ಅಳೆಯೋದು ಹೆಂಗೆ: ನನ್ನ ನೋಟ್ಸ್

ಎಂಡಿಎಂಎ, ಸೈಲೊಸೈಬಿನ್ ಥರದ ಮನಸ್ಸಿನ ಸ್ಥಿತಿ ಬದಲಾಯಿಸೋ (ಸೈಕೆಡೆಲಿಕ್) ಡ್ರಗ್ ಕೊಟ್ಟು ಮಾಡೋ ಸೈಕೋಥೆರಪಿ ಅಂದ್ರೆ ಎಲ್ರೂ ಪೇಷಂಟ್‌ಗಳ ರಿಸಲ್ಟ್ ನೋಡ್ತಾರೆ, ನಾನು ಓದ್ತಿರೋದು ಟ್ರೈನಿಂಗ್‌ನಲ್ಲಿರೋ ಥೆರಪಿಸ್ಟ್‌ಗಳ ಬಗ್ಗೆ. ಕಲಿಕೆಯ ಭಾಗವಾಗಿ ಅವರೇ ಒಂದು ಡ್ರಗ್ ಸೆಷನ್ ತಗೊಂಡ್ರೆ ಅವರ ಮನಸ್ಸಿಗೆ, ಕೆಲಸದ ಸುಸ್ತಿಗೆ (ಅದೇ ಬರ್ನ್‌ಔಟ್) ಏನಾಗುತ್ತೆ ಅನ್ನೋದು ಪ್ರಶ್ನೆ. ಸೈಕೆಡೆಲಿಕ್ ಸಂಶೋಧನೆ ಮಾಡೋ ಅಮೆರಿಕದ ಮ್ಯಾಪ್ಸ್ ಸಂಸ್ಥೆ ಹಿಂಗೆ ಥೆರಪಿಸ್ಟ್‌ಗಳಿಗೇ ಎಂಡಿಎಂಎ ಕೊಟ್ಟು ಫೇಸ್ 1 (ಮೊದಲ ಹಂತದ) ಸ್ಟಡಿ ಮಾಡಿದೆ.

ಕೆಲಸ ಹಗುರ ಅಲ್ಲ. ಪಿಟಿಎಸ್‌ಡಿಗೆ (ಆಘಾತದ ನಂತರ ಉಳಿಯೋ ಮಾನಸಿಕ ತೊಂದರೆಗೆ) ಎಂಡಿಎಂಎ ಕೊಟ್ಟ ಟ್ರಯಲ್‌ಗಳಲ್ಲಿ 3 ತಯಾರಿ ಸೆಷನ್, ಸುಮಾರು 8 ಗಂಟೆಯ 3 ಡ್ರಗ್ ಸೆಷನ್, ಆಮೇಲೆ ಆ ಅನುಭವದ ಬಗ್ಗೆ ಮಾತಾಡಿ ಅರ್ಥ ಮಾಡ್ಕೊಳ್ಳೋ 9 ಇಂಟಿಗ್ರೇಶನ್ ಸೆಷನ್, ಇಬ್ಬಿಬ್ರು ಥೆರಪಿಸ್ಟ್‌ಗಳು.

ಬ್ಲೈಂಡಿಂಗ್ (ಯಾರಿಗೆ ಏನು ಕೊಟ್ಟಿದ್ದಾರೆ ಅಂತ ಗೊತ್ತಾಗದ ಹಾಗೆ ಇಡೋದು) ಬಗ್ಗೆ ಜಾಸ್ತಿ ಬರೆಯಲ್ಲ: ತಗೊಂಡಿದ್ದು ಡ್ರಗ್ಗೋ ಪ್ಲಸೀಬೋನೋ (ಹೋಲಿಕೆಗೆ ಕೊಡೋ ಡಮ್ಮಿ ಔಷಧಿ) ಅಂತ ಹೆಚ್ಚಿನವ್ರಿಗೆ ಗೊತ್ತಾಗ್ಬಿಡುತ್ತೆ. 2024ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ಎಂಡಿಎಂಎ ಅರ್ಜಿ ನೋಡಿದಾಗ ಇದೂ ಚರ್ಚೆಗೆ ಬಂತು, ಆಗಸ್ಟ್‌ನಲ್ಲಿ ಒಪ್ಪಿಗೆ ಸಿಗ್ಲಿಲ್ಲ. ಟ್ರೈನಿಗಳ ವಿಷ್ಯದಲ್ಲಂತೂ ಇನ್ನೂ ಕಷ್ಟ, ಈ ಥೆರಪಿ ಮೇಲೆ ನಂಬಿಕೆ ಇರೋರೇ ಅಲ್ವಾ ಈ ಕೋರ್ಸ್‌ಗೆ ಸೇರೋದು.

ಈಗ ಅಸಲಿ ತಲೆನೋವು, ಪ್ರೊಕ್ವಾಲ್. ಸಹಾಯ ಮಾಡೋ ಕೆಲಸದವರ ವೃತ್ತಿಜೀವನದ ಗುಣಮಟ್ಟ ಅಳೆಯೋ ಪ್ರಶ್ನಾವಳಿ ಇದು. 30 ಪ್ರಶ್ನೆ, ಒಂದೊಂದಕ್ಕೂ 1ರಿಂದ 5, ಹತ್ತತ್ತರ ಮೂರು ಸ್ಕೇಲ್: ಕೆಲಸದಿಂದ ಸಿಗೋ ತೃಪ್ತಿ, ಬರ್ನ್‌ಔಟ್, ಬೇರೆಯವರ ಆಘಾತ ಕೇಳಿ ಕೇಳಿ ನಮಗೆ ಅಂಟೋ ಒತ್ತಡ. ಮೂರನ್ನೂ ಕೂಡಿ ಒಂದು ಟೋಟಲ್ ತೆಗೆಯೋ ಹಾಗಿಲ್ಲ, ತೃಪ್ತಿ ಜಾಸ್ತಿ ಆದ್ರೆ ಒಳ್ಳೇದು, ಇನ್ನೆರಡು ಜಾಸ್ತಿ ಆದ್ರೆ ಕೆಟ್ಟದು, ಕೂಡಿದ್ರೆ ಏನೂ ಅರ್ಥ ಬರಲ್ಲ.

ಬರ್ನ್‌ಔಟ್ ಸ್ಕೇಲಲ್ಲಿ 1, 4, 15, 17, 29 ನಂಬರಿನ ಪ್ರಶ್ನೆಗಳು ಒಳ್ಳೇದನ್ನ ಕೇಳೋದ್ರಿಂದ ಅವುಗಳ ಅಂಕ ಉಲ್ಟಾ ಮಾಡ್ಬೇಕು. 6ರಿಂದ ಉತ್ತರ ಕಳೀರಿ ಸಾಕು, 5 ಇದ್ರೆ 1 ಆಗುತ್ತೆ, 4 ಇದ್ರೆ 2, 3 ಇದ್ರೆ 3ಏ. ಇಷ್ಟು ಸುಲಭ, ಆದ್ರೆ ಆ ಐದು ಪ್ರಶ್ನೆ ಏನು ಕೇಳ್ತವೆ ನೋಡಿ: ಖುಷಿಯಾಗಿದ್ದೀನಾ, ಬೇರೆಯವರ ಜೊತೆ ಬೆಸೆದ ಹಾಗಿದ್ಯಾ, ನನ್ನನ್ನ ಹಿಡಿದು ನಿಲ್ಸೋ ನಂಬಿಕೆ ಇದ್ಯಾ, ನಾನು ಆಗ್ಬೇಕು ಅಂದ್ಕೊಂಡ ವ್ಯಕ್ತಿನೇ ಆಗಿದ್ದೀನಾ, ಕಾಳಜಿ ಇರೋ ಮನುಷ್ಯನಾ. ಒಂದು ಒಳ್ಳೇ ಸೈಕೆಡೆಲಿಕ್ ಸೆಷನ್ ಆದ್ಮೇಲೆ ಜನ ಹೇಳೋದೂ ಇದನ್ನೇ ಅಲ್ವಾ! ಉಳಿದ ಐದರಲ್ಲಿ ಕೇಸುಗಳು ಮುಗಿಯೋದೇ ಇಲ್ಲ, ವ್ಯವಸ್ಥೆಯಲ್ಲಿ ಸಿಕ್ಕಾಕೊಂಡಿದ್ದೀನಿ, ಕೆಲಸದಿಂದ ಸೋತುಹೋಗಿದ್ದೀನಿ ಅನ್ನೋ ಥರದವು.

ಒಂದು ಕಾಲ್ಪನಿಕ ಲೆಕ್ಕ. ಒಬ್ಬ ಟ್ರೈನಿ ಆ ಉಲ್ಟಾ ಐದಕ್ಕೂ 3, ಉಳಿದ ಐದಕ್ಕೂ 4 ಕೊಟ್ರು ಅನ್ಕೊಳಿ. ಉಲ್ಟಾ ಮಾಡಿ 15, ಅದಕ್ಕೆ 20 ಸೇರಿ 35. ಸೆಷನ್ ಆದ್ಮೇಲೆ ಆ ಉಲ್ಟಾ ಐದೂ 5ಕ್ಕೆ ಏರ್ತು, ಉಲ್ಟಾ ಮಾಡಿದ್ರೆ ಬರೀ 5, ಕೆಲಸದ ಭಾಗ ಹಂಗೇ 20, ಒಟ್ಟು 25. ಒಂದೇ ಒಂದು ಕೇಸೂ ಕಮ್ಮಿ ಆಗಿಲ್ಲ, ಬರ್ನ್‌ಔಟ್ ಮಾತ್ರ 10 ಪಾಯಿಂಟ್ ಇಳಿದಿದೆ. ಆ ಟ್ರೈನಿ ಸುಳ್ಳು ಹೇಳ್ತಿಲ್ಲ, ಆ ಖುಷಿ ನಿಜಾನೇ ಇರ್ಬೋದು, ಆದ್ರೆ ಅದನ್ನ "ಕೆಲಸದ ಸುಸ್ತು ಹೋಯ್ತು" ಅಂತ ಬರೆದ್ರೆ ನಾನು ಒಪ್ಪಲ್ಲ.

ಇದಕ್ಕೆ ಹತ್ತಿರದ ಇನ್ನೊಂದು: ಕೋವಿಡ್‌ನಲ್ಲಿ ಮುಂಚೂಣಿಯಲ್ಲಿ ಕೆಲಸ ಮಾಡಿ ಡಿಪ್ರೆಶನ್‌ಗೆ ಹೋದ 30 ಡಾಕ್ಟರ್, ನರ್ಸ್ ಮುಂತಾದವರ ಮೇಲೆ ನಡೆದ ಸೈಲೊಸೈಬಿನ್ ಟ್ರಯಲ್, 2024ರಲ್ಲಿ ಬಂತು, ಪ್ಲಸೀಬೋ ಬದಲು ನಿಯಾಸಿನ್ (ವಿಟಮಿನ್ ಬಿ3). ಡಿಪ್ರೆಶನ್ ಸ್ಕೋರ್ ಎರಡು ಗುಂಪಿನ ನಡುವೆ ಚೆನ್ನಾಗೇ ಬೇರೆ ಆಯ್ತು, ಬರ್ನ್‌ಔಟ್‌ನಲ್ಲಿ ಮಾತ್ರ ಅಂಕಿಅಂಶದ ಪ್ರಕಾರ ಗಟ್ಟಿ ವ್ಯತ್ಯಾಸ ಬರ್ಲಿಲ್ಲ. ಅಲ್ಲಿ ಬಳಸಿದ ಸ್ಕೇಲ್ ಬೇರೆ, ಹಂಗಾಗಿ ಪ್ರೊಕ್ವಾಲ್ ಜೊತೆ ನೇರ ಹೋಲಿಸ್ಬೇಡಿ.

ಒಪ್ಪಿಗೆ ವಿಷ್ಯ: ಸರ್ಟಿಫಿಕೇಟ್ ಕೊಡೋರೇ ಡ್ರಗ್ ಸೆಷನ್‌ಗೂ ಕರೆದ್ರೆ ಟ್ರೈನಿ "ಬೇಡ" ಅನ್ನೋದು ಹೆಂಗೆ? ಅದು ಐಚ್ಛಿಕ ಆಗಿರ್ಬೇಕು, ಟ್ರೈನಿ ತುಂಬಿದ ಪ್ರಶ್ನಾವಳಿ ಫಾರ್ಮ್‌ಗಳನ್ನ ಟ್ರೈನರ್ ನೋಡಬಾರ್ದು.

ಟೈಮಿಂಗೂ ಮರೀಬೇಡಿ, ಪ್ರೊಕ್ವಾಲ್ ಕೇಳೋದು ಕಳೆದ 30 ದಿನದ ಬಗ್ಗೆ, ಸೆಷನ್ ಆಗಿ ವಾರಕ್ಕೇ ಕೊಟ್ರೆ ಸೆಷನ್‌ಗಿಂತ ಮುಂಚಿನ ಮೂರು ವಾರವೂ ಅದರಲ್ಲಿ ಬೆರೆತಿರುತ್ತೆ. ನನ್ನ ಡ್ರಾಫ್ಟ್‌ನಲ್ಲಿ ಒಂದು ತಿಂಗಳು ಬಿಟ್ಟೇ ಕೊಡೋದು, ಬರ್ನ್‌ಔಟ್‌ನ ಉಲ್ಟಾ ಐದು, ನೇರ ಐದು ಬೇರೆ ಬೇರೆ ಕಾಲಮ್‌ನಲ್ಲಿ ತೋರ್ಸೋದು ಅಂತ ಹಾಕಿದ್ದೀನಿ, ಗೈಡ್ ಟೇಬಲ್ ಉದ್ದ ಆಯ್ತು ಅಂತಾರೆ, ಅನ್ಲಿ.