‘ಆತ್ಮಕ್ಕೆ ಶಾಂತಿ ಸಿಗಲಿ’: ಯಾವ ಆತ್ಮಕ್ಕೆ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಎಲ್ಲಕ್ಕೂ ಒಂದೊಂದು ರೆಡಿ ಫೈಲ್. ಶ್ರದ್ಧಾಂಜಲಿಯದ್ದರಲ್ಲಿ ಫೋಟೋ, ಹೆಸರು, ತಾರೀಕು ಬದಲಿಸಿದರೆ ಕೆಲಸ ಮುಗಿಯಿತು. ಕೆಳಗಿನ ಸಾಲು ಮಾತ್ರ ಎಲ್ಲರಿಗೂ ಒಂದೇ: ‘ಮೃತರ ಆತ್ಮಕ್ಕೆ ಶಾಂತಿ ಸಿಗಲಿ’. ಒಮ್ಮೆ ಒಂದು ಜೈನ ಮನೆಯವರು ಆ ಫ್ಲೆಕ್ಸನ್ನು ವಾಪಸ್ ಕಳಿಸಿದರು. ಆ ಸಾಲು ತೆಗೆಯಿರಿ ಅಂದರಂತೆ. ಇವನು ನನಗೆ ಫೋನ್ ಮಾಡಿದ. ‘ಸರ್, ಶಾಂತಿ ಸಿಗಲಿ ಅಂದ್ರೆ ತಪ್ಪೇನು?’

ನಾನು ಪದವಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುವವನು. ಪ್ರತಿ ವರ್ಷ ಉತ್ತರ ಪತ್ರಿಕೆಯಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ‘ಎಲ್ಲ ಧರ್ಮಗಳೂ ಆತ್ಮ ಅಮರ ಎಂದು ಹೇಳುತ್ತವೆ’. ನಾನು ತಪ್ಪದೆ ಅಂಕ ಕಳೆಯುತ್ತೇನೆ. ಆ ಫ್ಲೆಕ್ಸಿನ ಸಾಲಿನಲ್ಲಿ ಇರುವುದೂ ಇದೇ ಗೊಂದಲ. ‘ಆತ್ಮ’ ಎಂಬ ಒಂದೇ ಪದದೊಳಗೆ ನಾವು ಏಳೆಂಟು ಬೇರೆ ಬೇರೆ ವಸ್ತುಗಳನ್ನು ತುಂಬಿದ್ದೇವೆ.

ಮೊದಲು ನಮ್ಮ ಮನೆಯಂಗಳದಿಂದಲೇ ಶುರು ಮಾಡೋಣ. ಗೀತೆಯ 2ನೇ ಅಧ್ಯಾಯದ 23ನೇ ಶ್ಲೋಕವನ್ನು ಉತ್ತರಕ್ರಿಯೆಯ ಪತ್ರಿಕೆಯ ತಲೆಯ ಮೇಲೆ ಹಾಕಿಸುತ್ತಾರೆ. ಆಯುಧ ಇದನ್ನು ಕಡಿಯದು, ಬೆಂಕಿ ಸುಡದು ಎಂಬ ಶ್ಲೋಕ. ಅದೇ ಪತ್ರಿಕೆಯ ಬುಡದಲ್ಲಿ ‘ಆತ್ಮಕ್ಕೆ ಶಾಂತಿ ಸಿಗಲಿ’. ಬೆಂಕಿಗೂ ಜಗ್ಗದ ವಸ್ತುವಿಗೆ ಅಶಾಂತಿ ಎಲ್ಲಿಂದ ಬಂತು? ಶಂಕರರನ್ನು ಕೇಳಿದರೆ ನಕ್ಕುಬಿಟ್ಟಾರು. ಅದ್ವೈತದಲ್ಲಿ ಆತ್ಮವೇ ಬ್ರಹ್ಮ. ಅದು ಎಲ್ಲಿಗೂ ಹೋಗುವುದಿಲ್ಲ, ಎಲ್ಲಿಂದಲೂ ಬರುವುದಿಲ್ಲ. ಸತ್ತ ಮೇಲೆ ಪ್ರಯಾಣ ಹೊರಡುವುದು ಸೂಕ್ಷ್ಮ ಶರೀರ: ಮನಸ್ಸು, ಪ್ರಾಣ, ಇಂದ್ರಿಯಶಕ್ತಿ, ಜೊತೆಗೆ ಕರ್ಮದ ಗಂಟು.

ಹಾಗಾದರೆ ಹತ್ತು ದಿನ ಪಿಂಡ ಇಡುವುದು ಯಾರಿಗೆ? ಪುರೋಹಿತರನ್ನು ಕೇಳಿ ನೋಡಿ. ಮಂತ್ರದಲ್ಲಿ ಬರುವ ಮಾತು ‘ಆತ್ಮ’ ಅಲ್ಲ, ‘ಪ್ರೇತ’. ಸತ್ತವರು ಕೂಡಲೇ ಪಿತೃ ಆಗುವುದಿಲ್ಲ. ನಡುವೆ ಹಸಿವು, ಬಾಯಾರಿಕೆ ಇರುವ ಒಂದು ಸ್ಥಿತಿ ಇದೆ. ಪಿಂಡದಿಂದ ಅದಕ್ಕೆ ಒಂದು ದೇಹ ಕಟ್ಟುತ್ತಾ ಬರುತ್ತಾರೆ. ಸಾಮಾನ್ಯವಾಗಿ 12ನೇ ದಿನ ಸಪಿಂಡೀಕರಣದಲ್ಲಿ ಆ ಪಿಂಡವನ್ನು ಹಿರಿಯರ ಪಿಂಡಗಳ ಜೊತೆ ಸೇರಿಸುತ್ತಾರೆ. ಆಮೇಲಷ್ಟೇ ಅವರು ಪಿತೃ. ಅಂದರೆ ಶಾಂತಿ ಬೇಕಾದದ್ದು ಪ್ರೇತಕ್ಕೆ. ಆದರೆ ‘ಅಪ್ಪನ ಪ್ರೇತಕ್ಕೆ ಶಾಂತಿ ಸಿಗಲಿ’ ಅಂತ ಯಾರಾದರೂ ಫ್ಲೆಕ್ಸ್ ಹಾಕಿಸುತ್ತಾರಾ? ಕೇಳಲಿಕ್ಕೇ ಆಗದ ಪದ ಅದು. ಹಾಗಾಗಿ ಜನ ಮರ್ಯಾದೆಯ ಪದ ಇಟ್ಟುಕೊಂಡರು. ‘ಆ ಮನೇಲಿ ಆತ್ಮ ಓಡಾಡ್ತಿದೆ’ ಅನ್ನುವಾಗಲೂ ನಾವು ಹೇಳುತ್ತಿರುವುದು ಉಪನಿಷತ್ತಿನ ಆತ್ಮದ ಬಗ್ಗೆ ಅಲ್ಲವಲ್ಲ.

ಕನ್ನಡದಲ್ಲಿ ಸಾವಿಗೆ ಇದಕ್ಕಿಂತ ಖಚಿತವಾದ ಮಾತುಗಳು ಮೊದಲಿನಿಂದ ಇವೆ. ನನಗೆ ಬಹಳ ಇಷ್ಟವಾದ ವಿಷಯ ಇದು, ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ನಿಲ್ಲುತ್ತೇನೆ.

‘ಹರಿಪಾದ ಸೇರಿದರು’ ಎನ್ನುತ್ತಾರೆ ಮಾಧ್ವರು. ಪಾದ ಸೇರಿದರು, ಹರಿಯೇ ಆದರು ಎಂದಲ್ಲ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಇಡೀ ಸಿದ್ಧಾಂತ ಆ ‘ಪಾದ’ ಎಂಬ ಪದದಲ್ಲಿದೆ. ದೇವರು ಬೇರೆ, ಜೀವ ಬೇರೆ. ಒಂದು ಜೀವಕ್ಕೂ ಇನ್ನೊಂದು ಜೀವಕ್ಕೂ ವ್ಯತ್ಯಾಸ. ಆ ವ್ಯತ್ಯಾಸ ಮುಕ್ತಿಯಲ್ಲೂ ಅಳಿಯುವುದಿಲ್ಲ, ಅಲ್ಲಿನ ಆನಂದದಲ್ಲೂ ತಾರತಮ್ಯ ಇದೆ. ಚೊಂಬಾಗಲಿ ಕೊಡವಾಗಲಿ ತುಂಬಿಯೇ ಇರುತ್ತದೆ, ಆದರೆ ಹಿಡಿಯುವ ನೀರು ಒಂದೇ ಅಲ್ಲ. ಮಧ್ವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೆಲವು ಜೀವಗಳು ಮುಕ್ತಿಗೆ ಯೋಗ್ಯ, ಕೆಲವು ಸದಾ ಸಂಸಾರದಲ್ಲಿ ಸುತ್ತುವವು, ಇನ್ನು ಕೆಲವು ಕೊನೆಯಿಲ್ಲದ ಕತ್ತಲೆಗೆ ಸೇರುವವು ಎಂದರು. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಮಕ್ಕಳ ಮುಖ ಬಾಡುತ್ತದೆ. ನನಗೂ ಇದು ಸುಲಭವಾಗಿ ಗಂಟಲಿನಲ್ಲಿ ಇಳಿಯುವುದಿಲ್ಲ. ಆದರೆ ಜಗತ್ತಿನಲ್ಲಿ ಕಾಣುವ ಕೆಡುಕಿಗೆ ನೇರ ಉತ್ತರ ಕೊಡುವ ಧೈರ್ಯ ಅವರಿಗಿತ್ತು ಎಂದು ಒಪ್ಪಬೇಕು.

‘ಲಿಂಗೈಕ್ಯರಾದರು’ ಎಂಬುದು ಇದರ ಪಕ್ಕಾ ಎದುರು. ಇಲ್ಲಿ ಪಾದವೂ ಇಲ್ಲ, ದೂರವೂ ಇಲ್ಲ. ಐಕ್ಯ ಅಂದರೆ ಒಂದಾಗುವುದು. ಅದೂ ಸತ್ತ ಮೇಲೆ ಸಿಗುವ ಬಹುಮಾನ ಅಲ್ಲ. ಲಿಂಗ ಕಟ್ಟಿದ ದಿನದಿಂದ ಷಟ್‌ಸ್ಥಲದ ದಾರಿಯಲ್ಲಿ ನಡೆಯುತ್ತಾ ಬಂದದ್ದು. ಆರು ಮೆಟ್ಟಿಲುಗಳ ದಾರಿ ಅದು, ಅದರ ಕೊನೆಯ ಸ್ಥಲವೇ ಐಕ್ಯ. ಅದಕ್ಕೇ ದೇಹವನ್ನು ಸುಡದೆ, ಕುಳಿತ ಭಂಗಿಯಲ್ಲಿ, ಕೈಯಲ್ಲಿ ಇಷ್ಟಲಿಂಗ ಇಟ್ಟು ಸಮಾಧಿ ಮಾಡುವ ರೂಢಿ. ಶರಣರು ಸೂತಕವನ್ನೂ ಒಪ್ಪಲಿಲ್ಲ. ಅವರ ಲೆಕ್ಕದಲ್ಲಿ ಶಾಂತಿಗಾಗಿ ಅಲೆಯುವ ಆತ್ಮವೇ ಅಲ್ಲಿ ಉಳಿದಿಲ್ಲ. ಹೀಗಿದ್ದೂ ಒಂದೇ ಫ್ಲೆಕ್ಸಿನಲ್ಲಿ ಮೇಲೆ ‘ಲಿಂಗೈಕ್ಯ’, ಕೆಳಗೆ ‘ಆತ್ಮಕ್ಕೆ ಶಾಂತಿ’ ನೋಡಿದ್ದೇನೆ. ಐಕ್ಯವಾದ ಮೇಲೆ ಶಾಂತಿ ಯಾರಿಗೆ ಸ್ವಾಮಿ?

ಇನ್ನು ಆ ಜೈನ ಮನೆಯವರ ವಿಷಯ. ಜೈನರ ಜೀವ ಇದ್ದ ದೇಹದಷ್ಟೇ ಅಳತೆ ತಾಳುತ್ತದೆ. ದೀಪವನ್ನು ಸಣ್ಣ ಕೋಣೆಯಲ್ಲಿಟ್ಟರೆ ಬೆಳಕು ಅಷ್ಟೇ, ಹಜಾರದಲ್ಲಿಟ್ಟರೆ ಹಜಾರದಷ್ಟು. ಇರುವೆಯಲ್ಲಿ ಇರುವೆಯಷ್ಟು, ಆನೆಯಲ್ಲಿ ಆನೆಯಷ್ಟು. ಕರ್ಮ ಅವರಿಗೆ ಬರೀ ಪಾಪಪುಣ್ಯದ ಲೆಕ್ಕ ಅಲ್ಲ. ಅದೊಂದು ಸೂಕ್ಷ್ಮ ವಸ್ತು, ಎಣ್ಣೆ ಮೈಗೆ ಧೂಳು ಅಂಟಿದ ಹಾಗೆ ಜೀವಕ್ಕೆ ಅಂಟುತ್ತದೆ. ಸತ್ತ ಜೀವ ಕೆಲವೇ ‘ಸಮಯ’ಗಳಲ್ಲಿ ಮುಂದಿನ ಹುಟ್ಟಿಗೆ ಸೇರುತ್ತದೆ. ‘ಸಮಯ’ ಎಂದರೆ ಅವರ ಶಾಸ್ತ್ರದಲ್ಲಿ ಕಾಲದ ಅತಿ ಚಿಕ್ಕ ತುಣುಕು, ಕಣ್ಣು ಮಿಟುಕಿಸುವುದರಲ್ಲಿ ಇಂಥವು ಲೆಕ್ಕವಿಲ್ಲದಷ್ಟು ಕಳೆದುಹೋಗುತ್ತವೆ. ಅಂದರೆ ಫ್ಲೆಕ್ಸ್ ಪ್ರಿಂಟ್ ಆಗುವುದಿರಲಿ, ಡಾಕ್ಟರ್ ನಾಡಿ ನೋಡಿ ತಲೆ ಅಲ್ಲಾಡಿಸುವ ಹೊತ್ತಿಗೆ ಆ ಜೀವ ಇನ್ನೆಲ್ಲೋ ಇದೆ. ಇಲ್ಲಿಂದ ಶಾಂತಿ ಕಳಿಸಲು ವಿಳಾಸವೇ ಇಲ್ಲ. ಬದುಕಿದ್ದಾಗ ತಾನೇ ಮಾಡಿಕೊಂಡಿದ್ದಷ್ಟೇ ಗಟ್ಟಿ. ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳಲ್ಲಿ ಎಷ್ಟೋ ಸಲ್ಲೇಖನದ್ದೇ: ಇಂಥವರು ವ್ರತ ಹಿಡಿದು, ಅನ್ನ ನೀರು ಬಿಡುತ್ತಾ ಬಂದು ದೇಹ ಬಿಟ್ಟರು ಎಂಬ ವರದಿ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮ ಎಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ‘ಆತ್ಮಹತ್ಯೆ’ ಎಂಬ ಪದವೂ ನೋಡಿ, ಜೈನರ ಕಿವಿಗೆ ಅರ್ಥವಿಲ್ಲದ್ದು. ಆತ್ಮವನ್ನು ಕೊಲ್ಲುವುದು ಹೇಗೆ?

ಬೌದ್ಧರಿಗೆ ಬಂದರೆ ಸಾಲು ಪೂರ್ತಿ ಕುಸಿಯುತ್ತದೆ. ಬುದ್ಧ ಹೇಳಿದ್ದು ಅನಾತ್ಮ, ಅಂದರೆ ಬದಲಾಗದೆ ಉಳಿಯುವ ಆತ್ಮ ಎಂಬುದೇ ಇಲ್ಲ. ನಾಗಸೇನ ಭಿಕ್ಷು ಗ್ರೀಕ್ ಮೂಲದ ರಾಜ ಮಿಲಿಂದನಿಗೆ ರಥದ ಉದಾಹರಣೆ ಕೊಟ್ಟ ಕಥೆ ಪ್ರಸಿದ್ಧ: ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ, ಇವನ್ನು ಬಿಟ್ಟು ಬೇರೆ ರಥವೂ ಇಲ್ಲ. ಮನುಷ್ಯನೂ ಹಾಗೇ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದಂತೆ ಮರುಹುಟ್ಟು, ದಾಟಿಹೋದ ವಸ್ತು ಯಾವುದೂ ಇಲ್ಲ. ಆದರೆ ಬೈಲುಕುಪ್ಪೆಯಲ್ಲಿರುವಂಥ ಟಿಬೆಟಿಯನ್ ಸಂಪ್ರದಾಯದಲ್ಲಿ ಸಾವು ಮತ್ತು ಮುಂದಿನ ಹುಟ್ಟಿನ ನಡುವೆ 49 ದಿನದವರೆಗೆ ಒಂದು ನಡುಸ್ಥಿತಿ ಇದೆ, ಆಗ ಸತ್ತವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಶ್ರೀಲಂಕಾ, ಬರ್ಮಾ ಕಡೆಯ ಥೇರವಾದಿ ಬೌದ್ಧರು ಈ ನಡುಸ್ಥಿತಿಯನ್ನು ಒಪ್ಪುವುದಿಲ್ಲ.

ಹಾಗಾದರೆ ‘ಶಾಂತಿ ಸಿಗಲಿ’ ಯಾರ ಮಾತು? ಇದು ಲ್ಯಾಟಿನ್ ಪ್ರಾರ್ಥನೆ ‘ರೆಕ್ವಿಯೆಸ್ಕಾಟ್ ಇನ್ ಪಾಚೆ’ಯ ದೂರದ ನೆಂಟ ಅಂತ ನನ್ನ ಅನಿಸಿಕೆ, ಆರ್‌ಐಪಿ ಅಂತ ಸ್ಟೇಟಸ್ ಹಾಕುತ್ತೇವಲ್ಲ ಅದೇ. ಕ್ಯಾಥೊಲಿಕರಿಗೆ ಅದು ಸರಿಯಾಗಿ ಹೊಂದುತ್ತದೆ. ಸತ್ತವರು ಶುದ್ಧೀಕರಣದ ಹಂತದಲ್ಲಿ ಇರಬಹುದು, ಬದುಕಿರುವವರ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ. ನವೆಂಬರ್ 2 ಅದಕ್ಕೆಂದೇ ಇರುವ ದಿನ. ಪ್ರೊಟೆಸ್ಟೆಂಟರು ಆ ಹಂತವನ್ನೇ ಒಪ್ಪುವುದಿಲ್ಲ. 2017ರಲ್ಲಿ ಉತ್ತರ ಐರ್ಲೆಂಡಿನ ಆರೆಂಜ್ ಆರ್ಡರ್ ಎಂಬ ಪ್ರೊಟೆಸ್ಟೆಂಟ್ ಸಂಘಟನೆಯ ವಲಯದಿಂದ, ಪ್ರೊಟೆಸ್ಟೆಂಟರು ಆರ್‌ಐಪಿ ಬಳಸಬಾರದು ಎಂಬ ಕರೆಯೇ ಬಂತು. ಇಬ್ಬರೂ ಒಪ್ಪುವ ಮುಖ್ಯ ಮಾತು ಬೇರೆ: ಸತ್ತವರು ದೇಹದೊಡನೆ ಏಳುತ್ತಾರೆ. ಆತ್ಮ ದೇಹದಿಂದ ಬಿಡುಗಡೆ ಆಗಿ ಹಾರಿಹೋಗುವುದು ಅವರ ಕೊನೆಯ ಆಸೆ ಅಲ್ಲ. ಇದರ ಬೇರು ಯಹೂದಿಗಳ ಗ್ರಂಥದಲ್ಲಿದೆ. ದೇವರು ಮಣ್ಣಿಗೆ ಉಸಿರು ಊದಿದ, ಮನುಷ್ಯ ‘ನೆಫೆಶ್’, ಅಂದರೆ ಜೀವಿ, ಆದ ಎಂದಿದೆ ಅಲ್ಲಿ. ಮನುಷ್ಯನ ಒಳಗೆ ನೆಫೆಶ್ ಇಟ್ಟ ಎಂದಲ್ಲ, ಅವನೇ ನೆಫೆಶ್ ಆದ. ಯಹೂದಿಗಳು ಸತ್ತವರಿಗಾಗಿ ಹೇಳುವ ‘ಕದ್ದೀಶ್’ನಲ್ಲಿ ಸಾವಿನ ಹೆಸರೇ ಇಲ್ಲ, ಇರುವುದು ದೇವರ ಸ್ತುತಿ.

ಮುಸ್ಲಿಮರು ಸಾವಿನ ಸುದ್ದಿ ಕೇಳಿದ ಕೂಡಲೇ ಕುರ್‌ಆನಿನ 2:156ರ ಮಾತು ಹೇಳುತ್ತಾರೆ: ನಾವು ಅಲ್ಲಾಹನವರು, ಅವನಲ್ಲಿಗೇ ಮರಳುವವರು. ಜನಾಝಾ ನಮಾಝಿನಲ್ಲಿ, ಅಂದರೆ ಸತ್ತವರಿಗಾಗಿ ಮಾಡುವ ನಮಾಝಿನಲ್ಲಿ, ಮುಖ್ಯವಾಗಿ ಕೇಳುವುದು ಕ್ಷಮೆ, ಮಗ್ಫಿರತ್. ಆತ್ಮಕ್ಕೆ ಅವರು ಹೇಳುವ ಪದ ರೂಹ್. ರೂಹ್ ಎಂದರೆ ಏನು ಎಂಬ ಪ್ರಶ್ನೆಗೆ 17:85ರ ಉತ್ತರ ನನಗೆ ಇಷ್ಟ. ಅದು ನನ್ನ ಪ್ರಭುವಿನ ಆಜ್ಞೆಗೆ ಸೇರಿದ್ದು, ನಿಮಗೆ ಕೊಟ್ಟಿರುವ ತಿಳಿವಳಿಕೆ ಸ್ವಲ್ಪವೇ, ಎನ್ನುತ್ತದೆ. ನನ್ನಂಥ ಮೇಷ್ಟ್ರಿಗೆ ಹೇಳಿದ ಹಾಗಿದೆ.

ಇಷ್ಟನ್ನೂ ಫೋನಿನಲ್ಲಿ ಹೇಳಲಿಲ್ಲ, ಗಾಬರಿಯಾಗಬೇಡಿ. ಜೈನರಿಗೆ ‘ಸದ್ಗತಿ’ ಅಂತ ಹಾಕು ಎಂದೆ. ಈಗ ಅವನ ಕಂಪ್ಯೂಟರಿನಲ್ಲಿ ಶ್ರದ್ಧಾಂಜಲಿಗೆ ಆರು ಫೈಲ್ ಇವೆ. ಮೊನ್ನೆ ಮತ್ತೆ ಫೋನ್ ಬಂತು. ದೇವರನ್ನೇ ನಂಬದ ಒಬ್ಬರು ತೀರಿಕೊಂಡಿದ್ದರು. ‘ಇವರಿಗೆ ಯಾವ್ದು ಹಾಕ್ಲಿ ಸರ್?’ ಮನೆಯವರನ್ನೇ ಕೇಳು ಎಂದೆ. ಸಂಜೆ ಫ್ಲೆಕ್ಸಿನ ಫೋಟೋ ವಾಟ್ಸ್ಆ್ಯಪ್ ಮಾಡಿದ. ಹೆಸರು, ಎರಡು ತಾರೀಕು, ಕೆಳಗೆ ಒಂದೇ ಸಾಲು: ‘ಭಾನುವಾರ ಊಟಕ್ಕೆ ಎಲ್ಲರೂ ಬನ್ನಿ’.