ಉತ್ತರದಾಯಿತ್ವ: ಪಾಪಕ್ಕೂ ಅಪರಾಧಕ್ಕೂ ನಡುವೆ ಒಂದು ಕುರ್ಚಿ

ಪೇಪರಿನಲ್ಲಿ ಆಗಾಗ ಕಣ್ಣಿಗೆ ಬೀಳುವ, ಮಾತಿನಲ್ಲಿ ಯಾರೂ ಬಳಸದ ಪದ ಇದು. ನಾಲಿಗೆ ತಿರುಗುವುದೂ ಕಷ್ಟ. ಬಿಡಿಸಿ ನೋಡಿದರೆ ಮಾತ್ರ ಸರಳ. ಉತ್ತರ ಕೊಡಬೇಕಾದವರು ಉತ್ತರದಾಯಿ. ಹಾಗೆ ಉತ್ತರ ಕೊಡಬೇಕಾದ ಕಟ್ಟು ಉತ್ತರದಾಯಿತ್ವ. ಹೊಣೆ ಅಂದರೂ ಇದೇ ಅಲ್ವಾ? ಪೂರ್ತಿ ಅಲ್ಲ. ಹೊಣೆಯನ್ನು ಒಬ್ಬರೇ ಹೊರಬಹುದು. ಉತ್ತರದಾಯಿತ್ವಕ್ಕೆ ಇಬ್ಬರು ಬೇಕು: ಕೇಳುವವರು, ಹೇಳುವವರು. ಕೇಳುವವರ ಕೈಯಲ್ಲಿ ಒಂದಿಷ್ಟು ಅಧಿಕಾರವೂ ಇರಬೇಕು. ಇಲ್ಲದಿದ್ದರೆ ಅದು ಸುಮ್ನೆ ಹರಟೆ.

ಮಾಡಿದ ಕೆಲಸದ ಬಗ್ಗೆ ಕೇಳಬಹುದು, ಸರಿ. ಇನ್ನೂ ಮಾಡದ ಕೆಲಸದ ಬಗ್ಗೆ ಕೇಳಬಹುದಾ? ಮನಸ್ಸಿನೊಳಗಿನ ನಂಬಿಕೆಯ ಬಗ್ಗೆ? 2004ರಲ್ಲಿ ಯುರೋಪಿನಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವಾಯಿತು.

ಮೊದಲು ಅಲ್ಲಿನ ವ್ಯವಸ್ಥೆ ನೋಡೋಣ. ಐರೋಪ್ಯ ಒಕ್ಕೂಟದ ಕಾನೂನುಗಳ ಕರಡು ಮುಂದಿಡುವುದು ಯುರೋಪಿಯನ್ ಕಮಿಷನ್. ಅದರ ಸದಸ್ಯರೇ ಕಮಿಷನರ್‌ಗಳು, ದೇಶಕ್ಕೊಬ್ಬರಂತೆ. ಇವರಿಗೆ ಯಾರೂ ಓಟು ಹಾಕಿರುವುದಿಲ್ಲ. ಆಯಾ ದೇಶದ ಸರ್ಕಾರ ಹೆಸರು ಕಳಿಸುತ್ತದೆ. ಜನರ ಓಟಿನಿಂದ ಗೆದ್ದು ಬಂದವರು ಕೂರುವುದು ಯುರೋಪಿಯನ್ ಪಾರ್ಲಿಮೆಂಟಿನಲ್ಲಿ. ಹಾಗಾಗಿ ಕಮಿಷನರ್ ಆಗಬೇಕಾದವರು ಮೊದಲು ಪಾರ್ಲಿಮೆಂಟಿನ ಸಮಿತಿಯ ಎದುರು ಹಿಯರಿಂಗ್‌ಗೆ ಕೂರಬೇಕು. 1995ರಿಂದ ಇದು ನಡೆದು ಬಂದಿದೆ. ಸುಮಾರು ಮೂರು ಗಂಟೆ, ಎಲ್ಲರ ಕಣ್ಣೆದುರೇ. ಕೆಲಸದ ಇಂಟರ್‌ವ್ಯೂ ಅಂದುಕೊಳ್ಳಿ. ಪ್ರಶ್ನೆ ಕೇಳುವವರಲ್ಲಿ ಎದುರು ಪಕ್ಷದವರೂ ಇರುತ್ತಾರೆ, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಕೇಳಿದ ಮೇಲೂ, ಇವರೊಬ್ಬರು ಬೇಡ ಎನ್ನುವ ಹಕ್ಕು ಪಾರ್ಲಿಮೆಂಟಿಗಿಲ್ಲ. ಒಪ್ಪಿದರೆ ಇಡೀ ಕಮಿಷನ್, ಬೇಡವೆಂದರೂ ಇಡೀ ಕಮಿಷನ್. ಪಲ್ಯ ಹಳಸಿದೆ ಅಂತ ಪಲ್ಯ ಮಾತ್ರ ಬಿಡುವ ಹಾಗಿಲ್ಲ, ಎಲೆ ಬಿಟ್ಟೇ ಏಳಬೇಕು.

2004ರಲ್ಲಿ ಕಮಿಷನ್ನಿನ ಅಧ್ಯಕ್ಷರಾಗಲು ಹೊರಟಿದ್ದವರು ಪೋರ್ಚುಗಲ್‌ನ ಜೋಸೆ ಮನುವೆಲ್ ಬರೋಸೊ. ಇಟಲಿಯಲ್ಲಿ ಆಗ ಬೆರ್ಲುಸ್ಕೋನಿ ಸರ್ಕಾರ. ಅದು ಕಳಿಸಿದ ಹೆಸರು ರೊಕ್ಕೊ ಬುತ್ತಿಲ್ಯೋನೆ. (ನಮ್ಮ ಕಿವಿಗೆ ಹೆಸರಲ್ಲೇ ರೊಕ್ಕವೂ ಇದೆ, ಬುತ್ತಿಯೂ ಇದೆ!) ತತ್ವಶಾಸ್ತ್ರದ ಪ್ರೊಫೆಸರ್, ಕಟ್ಟಾ ಕ್ಯಾಥೋಲಿಕ್, ಪೋಪ್ ಎರಡನೇ ಜಾನ್ ಪಾಲ್ ಅವರಿಗೆ ಹತ್ತಿರದವರು. ಸಿಗಬೇಕಿದ್ದ ಖಾತೆ ನ್ಯಾಯ, ಸ್ವಾತಂತ್ರ್ಯ ಮತ್ತು ಭದ್ರತೆ. ತಾರತಮ್ಯ ತಡೆಯುವ ಕೆಲಸವೂ ಅದರೊಳಗೇ ಬರುತ್ತಿತ್ತು.

ಅಕ್ಟೋಬರ್ 5ರ ಹಿಯರಿಂಗ್‌ನಲ್ಲಿ ಸಲಿಂಗಕಾಮದ ಪ್ರಶ್ನೆ ಬಂತು. ಅದು ಪಾಪ ಎಂದು ನಾನು ಅಂದುಕೊಂಡಿರಬಹುದು, ಅಪರಾಧ ಎನ್ನದ ಹೊರತು ಅದಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ನೀತಿ ಬೇರೆ, ಕಾನೂನು ಬೇರೆ ಎನ್ನಲು ತತ್ವಜ್ಞಾನಿ ಕಾಂಟ್ ಅವರನ್ನೂ ಕರೆತಂದರು.

ಕನ್ನಡದಲ್ಲಿ ಯೋಚಿಸುವವರಿಗೆ ಈ ಮಾತು ಕಷ್ಟವೇನಲ್ಲ. ಪಾಪದ ಲೆಕ್ಕ ಇಡುವವನು ಮೇಲಿದ್ದಾನೆ. ಅಪರಾಧದ ಲೆಕ್ಕ ಸ್ಟೇಷನ್ನಿನಲ್ಲಿ. ಪಾಪಕ್ಕೆ ಯಾರೂ ಎಫ್‌ಐಆರ್ ಹಾಕುವುದಿಲ್ಲ. ಇಷ್ಟರ ಮಟ್ಟಿಗೆ ಬುತ್ತಿಲ್ಯೋನೆ ಹೇಳಿದ್ದು ಸರಿ ಅಂತಲೇ ನನಗೂ ಅನ್ನಿಸುತ್ತದೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಹೆಂಗಸು ಮಕ್ಕಳನ್ನು ಹೆರಲಿಕ್ಕೆ, ಅವಳಿಗೆ ಗಂಡಸಿನ ರಕ್ಷಣೆ ಸಿಗಲಿಕ್ಕೆ ಕುಟುಂಬ ಇರುವುದು ಎಂಬಂಥ ಮಾತೂ ಬಂತು. ಸಮಾನತೆಯ ಫೈಲುಗಳು ಇವರ ಮೇಜಿಗೇ ಬರಬೇಕಿತ್ತು. ಕೃಷಿಯೋ ಮೀನುಗಾರಿಕೆಯೋ ಕೊಟ್ಟಿದ್ದರೆ ಇಷ್ಟು ಗಲಾಟೆ ಆಗುತ್ತಿರಲಿಲ್ಲವೇನೋ. ನಾನು ಯಾರ ಹಕ್ಕನ್ನೂ ಬಿಟ್ಟುಕೊಡುವುದಿಲ್ಲ ಎಂದು ಅವರು ಹೇಳಿದರೂ ಸಮಿತಿ ಒಪ್ಪಲಿಲ್ಲ. ಪರವಾಗಿ 26, ವಿರುದ್ಧ 27. ಒಂದೇ ಓಟು!

ಮುಂದಿನದು ಬೇಗ ಹೇಳಿಬಿಡುತ್ತೇನೆ. ಓಟು ಸಾಲುವುದಿಲ್ಲ ಎಂದು ಗೊತ್ತಾದ ಬರೋಸೊ ಅಕ್ಟೋಬರ್ 27ರಂದು, ಪಾರ್ಲಿಮೆಂಟ್ ಸೇರುವ ಸ್ಟ್ರಾಸ್‌ಬರ್ಗ್‌ನಲ್ಲಿ ಮತದಾನಕ್ಕೆ ಸ್ವಲ್ಪ ಮುಂಚೆ ಇಡೀ ಪಟ್ಟಿಯನ್ನೇ ವಾಪಸ್ ಪಡೆದರು. ಮೂರು ದಿನ ಬಿಟ್ಟು ಬುತ್ತಿಲ್ಯೋನೆ ಹಿಂದೆ ಸರಿದರು. ಅವರ ಜಾಗಕ್ಕೆ ಇಟಲಿಯವರೇ ಆದ ಫ್ರಾಂಕೊ ಫ್ರಟೀನಿ ಬಂದರು. ಲಾಟ್ವಿಯಾ ಕಳಿಸಿದ್ದ ಹೆಸರೂ ಬದಲಾಯಿತು, ಹಂಗೇರಿಯವರ ಖಾತೆಯೂ ಬದಲಾಯಿತು. ನವೆಂಬರ್ 18ರಂದು ಈ ಹೊಸ ಪಟ್ಟಿಗೆ ಪಾರ್ಲಿಮೆಂಟಿನಲ್ಲಿ 449 ಜನ ಪರವಾಗಿ, 149 ಜನ ವಿರುದ್ಧವಾಗಿ ಓಟು ಹಾಕಿದರು. ನವೆಂಬರ್ 1ಕ್ಕೆ ಕೆಲಸ ಶುರು ಮಾಡಬೇಕಿದ್ದ ಕಮಿಷನ್ 22ಕ್ಕೆ ಶುರು ಮಾಡಿತು. ಒಬ್ಬರನ್ನು ಬಿಡಿಸುವ ಹಕ್ಕು ಕಾಗದದಲ್ಲಿ ಇಲ್ಲದಿದ್ದರೂ, ಎಲೆ ಬಿಟ್ಟು ಏಳುತ್ತೇವೆ ಎಂಬ ಬೆದರಿಕೆಯೇ ಆ ಕೆಲಸ ಮಾಡಿಸಿತು.

ನನ್ನ ಧರ್ಮಕ್ಕಾಗಿ ನನ್ನನ್ನು ಹೊರಗಿಟ್ಟರು ಎಂಬುದು ಬುತ್ತಿಲ್ಯೋನೆ ದೂರು. ನೀವು ಮಾಡಬೇಕಾದ ಕೆಲಸದ ಬಗ್ಗೆಯೇ ಕೇಳಿದ್ದು ಎಂಬುದು ಎದುರಿನವರ ಮಾತು. ಒಕ್ಕೂಟದ ಮೂಲಭೂತ ಹಕ್ಕುಗಳ ಸನ್ನದು 2000ದಲ್ಲಿ ಬಂದದ್ದು. ಅದರ 21ನೇ ವಿಧಿ ಧರ್ಮ, ನಂಬಿಕೆಯ ಕಾರಣಕ್ಕೆ ತಾರತಮ್ಯ ಕೂಡದು ಎನ್ನುತ್ತದೆ. ಲೈಂಗಿಕ ಒಲವಿನ ಕಾರಣಕ್ಕೂ ಕೂಡದು ಎನ್ನುತ್ತದೆ. ಅಂದರೆ ಇಬ್ಬರೂ ಒಂದೇ ಸಾಲಿಗೆ ಬೆರಳಿಟ್ಟು ವಾದ ಮಾಡಬಹುದಿತ್ತು!

ನಂಬಿಕೆ ಇದ್ದವರಿಗೆಲ್ಲ ಬಾಗಿಲು ಮುಚ್ಚಿತು ಅಂತಲೂ ಅಲ್ಲ. 2012ರಲ್ಲಿ ಮಾಲ್ಟಾದ ಟೋನಿಯೊ ಬೋರ್ಗ್ ಆರೋಗ್ಯ ಖಾತೆಗೆ ಬಂದರು. ಗರ್ಭಪಾತ, ವಿಚ್ಛೇದನ, ಸಲಿಂಗಿಗಳ ಹಕ್ಕು, ಎಲ್ಲದರಲ್ಲೂ ಹಳೆಯ ಕಾಲದ ನಿಲುವಿನವರು ಎಂಬ ಟೀಕೆ ಅವರ ಮೇಲಿತ್ತು. ಮಧ್ಯದಲ್ಲಿ ಖಾಲಿಯಾದ ಜಾಗವಾದ್ದರಿಂದ ಪಾರ್ಲಿಮೆಂಟ್ ಅವರೊಬ್ಬರ ಮೇಲೇ ಓಟು ಹಾಕಿತು, ಅದೂ ಅಭಿಪ್ರಾಯ ಹೇಳುವಷ್ಟಕ್ಕೆ. ಸನ್ನದಿಗೆ ಬದ್ಧನಾಗಿರುತ್ತೇನೆ ಎಂದು ಬೋರ್ಗ್ ಭರವಸೆ ಕೊಟ್ಟರು. 386 ಓಟು ಪರವಾಗಿ ಬಿದ್ದವು, 281 ವಿರುದ್ಧ.

ಸುಮಾರು ಹತ್ತು ವರ್ಷದ ನಂತರ, 2022ರ ಜನವರಿಯಲ್ಲಿ, ಅದೇ ಮಾಲ್ಟಾದ ರೊಬೆರ್ಟಾ ಮೆಟ್ಸೋಲಾ ಪಾರ್ಲಿಮೆಂಟಿನ ಅಧ್ಯಕ್ಷೆಯಾದರು. ಗರ್ಭಪಾತವನ್ನು ವಿರೋಧಿಸಿಕೊಂಡು ಬಂದವರು. ಪತ್ರಕರ್ತರು ಅದನ್ನೇ ಕೇಳಿದರು. ಈ ಕುರ್ಚಿಯಲ್ಲಿ ಇರುವಷ್ಟು ದಿನ ಪಾರ್ಲಿಮೆಂಟಿನ ನಿಲುವೇ ನನ್ನ ನಿಲುವು ಎಂಬುದು ಅವರ ಉತ್ತರವಾಗಿತ್ತು.